ಅಣ್ಣನ ಡ್ಯೂಟಿಯನ್ನು ಅಳಿಸಿದ್ದು

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವವರು ಇಬ್ಬರು, ಅಣ್ಣ ಮತ್ತು ನಾನು. ಅಣ್ಣ ಕಲಿತದ್ದು ಯಂತ್ರಗಳ ಮೈಮೇಲೆ ಹೊಡೆದ ತಗಡುಗಳಿಂದ. ನಾನು ಕಲಿತದ್ದು ಗೊಬ್ಬರದ ಚೀಲಗಳಿಂದ. ಇಬ್ಬರ ವಿದ್ಯೆಯೂ ಅಲ್ಲಿಂದ ಮುಂದೆ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಹೀಗಿರುವಾಗ ನಮ್ಮ ಕಾರು ಒಂದು ದಿನ ತಾನಾಗಿ ಬಾಯಿಬಿಟ್ಟು ಎರಡು ಇಂಗ್ಲಿಷ್ ಪದ ಆಡಿತು. ನಾನು ಅದನ್ನು ಒಂದು ರೀತಿ ಓದಿದೆ, ಅಣ್ಣ ಇನ್ನೊಂದು ರೀತಿ ಓದಿದ. ಯಾರ ಓದು ಸರಿ ಎಂಬುದು ಈಗ ಯಾರಿಗೂ ಬೇಕಾಗಿಲ್ಲ.

ಅಣ್ಣ ಕುದುರೆಮುಖದ ಗಣಿಯಲ್ಲಿ ಫಿಟ್ಟರ್ ಆಗಿದ್ದ. ಅದಿರು ಅರೆಯುವ ಯಂತ್ರಗಳು ನಿಂತರೆ ಅವನ್ನು ಮತ್ತೆ ಏಳಿಸುವುದು ಅವನ ಕೆಲಸ. ಗಣಿಯೇ ನಿಂತಾಗ ಅದನ್ನು ಏಳಿಸುವ ಅಧಿಕಾರ ಫಿಟ್ಟರುಗಳಿಗೆ ಇರಲಿಲ್ಲವಾದ್ದರಿಂದ, ಉಳಿದವರ ಜೊತೆ ಅವನೂ ಸ್ವಯಂನಿವೃತ್ತಿ ತೆಗೆದುಕೊಂಡು ಕಳಸಕ್ಕೆ ಬಂದ. ಆ ಪದದಲ್ಲಿ ‘ಸ್ವಯಂ’ ಇತ್ತು. ಬಂದು ಇಳಿದ ದಿನ ಅವನ ಮುಖದಲ್ಲಿ ಇರಲಿಲ್ಲ. ಅತ್ತಿಗೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಕ್ಕಳಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ: ಪೈಪು, ಮೊಳೆ, ಹಗ್ಗ, ಟಾರ್ಪಾಲು, ಗೊಬ್ಬರ. ಅಂಗಡಿಯ ಬೆನ್ನಿಗೇ ಮನೆ. ಅದರಲ್ಲಿ ರಸ್ತೆ ಕಡೆಯ ಕೋಣೆ ಅವನದಾಯಿತು. ತೋಟಗಳಿಗೆ ಹೋಗಿ ಪಂಪ್‌ಸೆಟ್ಟು, ಕಾಫಿ ಹಣ್ಣು ಸುಲಿಯುವ ಪಲ್ಪರು ರಿಪೇರಿ ಮಾಡಿಕೊಂಡು ವರ್ಷಗಳನ್ನು ಚೆನ್ನಾಗಿಯೇ ಕಳೆದ. ಯಾರೋ ಎಸ್ಟೇಟಿನವರು ಮಾರಿದ ಕಾರೊಂದನ್ನು ಕೊಂಡು ಅದನ್ನೂ ಮಗುವಿನಂತೆ ನೋಡಿಕೊಂಡ.

ಆಮೇಲೆ ಮರೆಯಲು ಶುರುಮಾಡಿದ. ಮೊದಲು ಸ್ಕ್ರೂಡ್ರೈವರು, ಆಮೇಲೆ ಗಿರಾಕಿಗಳ ಹೆಸರು, ಆಮೇಲೆ ತಾನು ಊಟ ಮಾಡಿದ್ದು. ಚಿಕ್ಕಮಗಳೂರಿನ ಡಾಕ್ಟರು ಪರೀಕ್ಷೆ ಮಾಡಿ ಕಾಯಿಲೆಗೆ ಒಂದು ಉದ್ದದ ಹೆಸರು ಹೇಳಿ, ಎರಡು ಅಪ್ಪಣೆ ಕೊಟ್ಟರು: ಗಾಡಿ ಓಡಿಸಲು ಬಿಡಬೇಡಿ, ವಾದ ಮಾಡಬೇಡಿ. ಮೊದಲನೆಯದನ್ನು ಪಾಲಿಸಿದರೆ ಎರಡನೆಯದನ್ನು ಮುರಿಯದೆ ವಿಧಿಯಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ನಾನು ಕಾರಿನ ಕೀಲಿಯನ್ನು ಅಂಗಡಿಯ ಮೊಳೆ ಡಬ್ಬದೊಳಗೆ ಹೂತಿಟ್ಟೆ. ಅಣ್ಣ ಕೆಲವು ದಿನ ಹುಡುಕಿದ, ಏನು ಹುಡುಕುತ್ತಿದ್ದೇನೆ ಎಂಬುದು ಮರೆತ ಮೇಲೆ ಬಿಟ್ಟ. ಗಡ್ಡ ಬೋಳಿಸುವುದನ್ನೂ ಬಿಟ್ಟ. ಸ್ನಾನಕ್ಕೆ ಎಬ್ಬಿಸಬೇಕಾದರೆ ನನ್ನ ಹೆಂಡತಿ ಮೂರು ಸಲ ಬಾಗಿಲಿಗೆ ಹೋಗಬೇಕಾಗುತ್ತಿತ್ತು.

ಕಾರು ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆ ಎಂದು ಭಾನುವಾರ ಬೆಳಿಗ್ಗೆ ನಾನು ಅದನ್ನು ಸ್ವಲ್ಪ ಹೊತ್ತು ಚಾಲೂ ಮಾಡಿ ಇಡುತ್ತಿದ್ದೆ. ಅಣ್ಣ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಎಂಜಿನ್ ಶಬ್ದ ಕೇಳಿದರೆ ಅವನ ಮುಖದಲ್ಲಿ ಏನೋ ಒಂದು ಜಾಗಕ್ಕೆ ಬಂದಂತೆ ಕಾಣುತ್ತಿತ್ತು. ಅಂಥ ಒಂದು ಭಾನುವಾರ ಕೀಲಿ ತಿರುಗಿಸಿದಾಗ, ಸ್ಪೀಡಿನ ಮುಳ್ಳಿನ ಕೆಳಗಿರುವ ಚಿಕ್ಕ ಕಿಟಕಿಯಲ್ಲಿ ಒಂದು ಸ್ಪ್ಯಾನರಿನ ಚಿತ್ರ ಮೂಡಿತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ: ಸರ್ವೀಸ್ ಡ್ಯೂ.

ಕಾರು ಹೇಳಿದ್ದು ಇಷ್ಟೇ: ನನ್ನ ಎಣ್ಣೆ ಬದಲಿಸುವ ಕಾಲ ಬಂದಿದೆ. ಆದರೆ ನಮ್ಮ ಕಡೆ ಸರ್ವೀಸ್ ಎಂದರೆ ಮೊದಲಿಗೆ ನೌಕರಿ. ‘ಅವರದು ಮೂವತ್ತು ವರ್ಷ ಸರ್ವೀಸ್’ ಎಂದರೆ ಯಾರೂ ಆಯಿಲ್ ಬದಲಿಸಿದ ಲೆಕ್ಕ ಅಂದುಕೊಳ್ಳುವುದಿಲ್ಲ. ಅಣ್ಣ ಬಗ್ಗಿ ಓದಿದ. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದ.

“ಸರ್ವೀಸ್ ಡ್ಯೂಟಿ,” ಅಂದ.

“ಡ್ಯೂಟಿ ಅಲ್ಲ ಅಣ್ಣ, ಡ್ಯೂ.”

“ಟಿ ವೈ ಹಾಕೋಕೆ ಜಾಗ ಎಲ್ಲಿದೆ ಮಾರಾಯ ಅದ್ರಲ್ಲಿ? ಬೆರಳಗಲದ ಪ್ಯಾನಲ್ಲು.” ಉಗುರಿನಿಂದ ಗಾಜನ್ನು ತಟ್ಟಿದ. “ಸ್ಪ್ಯಾನರ್ ಬೇರೆ ಹಾಕಿದಾರೆ ನೋಡು. ಮೇಂಟೆನೆನ್ಸ್‌ನವ್ರನ್ನೇ ಕರ್ದಿರೋದು.”

ನಾನು ನಕ್ಕೆ. ವಾದ ಮಾಡಬಾರದು ಎಂಬ ಡಾಕ್ಟರ ಅಪ್ಪಣೆ ನೆನಪಾಗಿ, “ಹೌದು, ಹಂಗೇ ಕಾಣ್ತದೆ,” ಅಂದೆ. ವೈದ್ಯಶಾಸ್ತ್ರವನ್ನು ಅಷ್ಟು ಚಾಚೂ ತಪ್ಪದೆ ನಾನು ಅದಕ್ಕೆ ಮುಂಚೆ ಎಂದೂ ಪಾಲಿಸಿದವನಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಒಲೆ ಹಚ್ಚುವ ಹೊತ್ತಿಗೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಸ್ನಾನವಾಗಿತ್ತು. ಗಡ್ಡ ಬೋಳಿಸಿ, ಗಲ್ಲದಲ್ಲಿ ಎರಡು ಕಡೆ ರಕ್ತ ಒರೆಸಿಕೊಂಡಿದ್ದ. ಪೆಟ್ಟಿಗೆಯ ತಳದಲ್ಲಿದ್ದ ಗಣಿಯ ನೀಲಿ ಅಂಗಿ ಮೈಮೇಲಿತ್ತು, ಮಡಿಕೆಯ ಗೆರೆಗಳ ಸಮೇತ.

“ಎಲ್ಲಿಗೆ ಭಾವ, ಇಷ್ಟು ಬೆಳಿಗ್ಗೆ?”

“ಫಸ್ಟ್ ಶಿಫ್ಟ್ ಕಣಮ್ಮ. ಡ್ಯೂಟಿ ಬಿದ್ದಿದೆ. ಬುತ್ತಿಗೆ ಎಂತದಾದ್ರೂ ಕಟ್ಟು, ಲೇಟಾಗ್ತದೆ.”

ಅವಳು ನನ್ನನ್ನು ಎಬ್ಬಿಸಲು ಬಂದಾಗ ಅವಳ ಮುಖದಲ್ಲಿ ಮೊದಲು ಇದ್ದದ್ದು ಸಂತೋಷ, ಅದನ್ನು ಹೇಳಲೇಬೇಕು. “ರೀ, ತಾವಾಗೇ ಸ್ನಾನ ಮಾಡಿದಾರೆ,” ಅಂದಳು.

ಅವತ್ತು ಬುತ್ತಿ ಕಟ್ಟಿಸಿಕೊಂಡು ಸಂಸೆ ರಸ್ತೆಯ ತಿರುವಿನಲ್ಲಿ ಶಿಫ್ಟ್ ಬಸ್ಸಿಗೆ ಕಾದು ನಿಂತ. ಗಣಿಯಲ್ಲಿ ಕ್ವಾರ್ಟರ್ಸ್ ಸಿಗುವ ಮುಂಚೆ ಅವನು ಕಳಸದಿಂದ ಅದರಲ್ಲೇ ಹೋಗಿಬರುತ್ತಿದ್ದ. ಎಂದೋ ನಿಂತುಹೋದ ಬಸ್ಸು ಬರುವುದಾದರೂ ಹೇಗೆ? ನಾನು ಹೋಗಿ, ಬಸ್ಸು ಕೆಟ್ಟಿದೆಯಂತೆ ಎಂದು ಸುಳ್ಳು ಹೇಳಿ ಕರೆದುಕೊಂಡು ಬಂದೆ. ಬಂದವನು ನೇರ ಕಾರಿನ ಬಳಿ ಹೋಗಿ, “ಆನ್ ಮಾಡು, ಪ್ಯಾನಲ್ ಏನು ಹೇಳ್ತದೆ ನೋಡಣ,” ಅಂದ. ಮನುಷ್ಯರ ಮಾತಿಗೂ ಪ್ಯಾನಲ್ಲಿನ ಮಾತಿಗೂ ಅವನ ನೌಕರಿಯಲ್ಲಿ ಅಜಗಜಾಂತರವಿತ್ತು. ಯಂತ್ರ ಸರಿಯಿದೆ ಎಂದು ಎಂಜಿನಿಯರ್ ಹೇಳಿದರೂ ಪ್ಯಾನಲ್ ಒಪ್ಪದೆ ಅವನು ಒಪ್ಪುತ್ತಿರಲಿಲ್ಲ. ನಾನು ಕೀಲಿ ತಿರುಗಿಸಿದೆ. ಸ್ಪ್ಯಾನರು ಇತ್ತು, ಎರಡು ಪದಗಳೂ ಇದ್ದವು. “ಹೂಂ, ಇನ್ನೂ ಕರೀತಿದಾರೆ,” ಅಂದ.

ಇದು ನಿತ್ಯದ ಕಾರ್ಯಕ್ರಮವಾಯಿತು. ಬೆಳಿಗ್ಗೆ ಪ್ಯಾನಲ್ ದರ್ಶನ, ಬುತ್ತಿ, ಸಂಸೆ ರಸ್ತೆಯ ತಿರುವು, ನನ್ನ ಸುಳ್ಳು, ವಾಪಸಾತಿ. ಬಸ್ಸು ಕೆಟ್ಟಿತು, ಡ್ರೈವರಿಗೆ ಜ್ವರ ಬಂತು, ಎಲ್ಲೋ ಮರ ಬಿದ್ದು ರಸ್ತೆ ಬಂದಾಯಿತು. ಇಲ್ಲದ ಒಂದು ಬಸ್ಸಿಗೆ ಇಷ್ಟು ಕಷ್ಟ ಕೊಟ್ಟವನು ನಾನೊಬ್ಬನೇ ಇರಬೇಕು. ಕೊಯ್ಲಿನ ಕಾಲವಾದ್ದರಿಂದ ಅಂಗಡಿಯಲ್ಲಿ ಟಾರ್ಪಾಲು ಕೇಳುವವರ ಸಾಲು. ಅವರಿಗೂ ಇದೊಂದು ವಿಷಯ ಸಿಕ್ಕಿತು.

“ಏನ್ ಸೌಕಾರ್ರೆ, ನಿಮ್ಮಣ್ಣನಿಗೆ ಮತ್ತೆ ಕೆಲ್ಸ ಆಯ್ತಂತೆ?” ಎಂದು ಒಬ್ಬ ತೋಟದ ಮೇಸ್ತ್ರಿ ಕೇಳಿದ.

“ಆಗಿದೆ. ಗಣಿಯೊಂದು ಬಾಕಿ,” ಅಂದೆ.

ಅವನು ನಕ್ಕ. ನಾನೂ ನಕ್ಕೆ. ನಗುವುದರಲ್ಲಿ ನನಗೆ ಆ ದಿನಗಳಲ್ಲಿ ಒಳ್ಳೆಯ ರೂಢಿಯಾಗಿತ್ತು.

ಹಾಗಾದರೆ ಕಾರಿಗೆ ಸರ್ವೀಸ್ ಮಾಡಿಸಿದರೆ ಮುಗಿಯಿತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಪೇಟೆಯ ಕೊನೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಬ್ಯಾರಿ ನನಗೆ ಹಳೆಯ ಪರಿಚಯ. ಘಟ್ಟದ ಕೆಳಗಿನಿಂದ ಬಂದು ಇಲ್ಲಿಯವನೇ ಆದವನು. ಅವನು ಕಾರನ್ನು ಒಂದು ಹಗಲು ಇಟ್ಟುಕೊಂಡು ಆಯಿಲ್ ಬದಲಿಸಿದ, ಫಿಲ್ಟರ್ ಬದಲಿಸಿದ, ಬ್ರೇಕು ಬಿಚ್ಚಿ ತೊಳೆದ. ನಾನು ಹೋಗಿ ಕೀಲಿ ತಿರುಗಿಸಿದೆ. ಎಂಜಿನ್ ಹೊಸದರಂತೆ ಗುನುಗಿತು. ಕಿಟಕಿಯಲ್ಲಿ ಸ್ಪ್ಯಾನರು ಹಾಗೆಯೇ ಕೂತಿತ್ತು.

“ಇದು ಇನ್ನೂ ಇದೆಯಲ್ಲ ಮಾರಾಯ?”

“ಅದು ಇರ್ತದೆ ಸೌಕಾರ್ರೆ. ಅದಕ್ಕೆ ಎಂತ ಗೊತ್ತುಂಟು ನಾನು ಆಯಿಲ್ ಹಾಕಿದ್ದು?”

“ಕಾರಿನ ಒಳಗೇ ಹಾಕಿದ್ದಲ್ವಾ?”

“ಹೊಟ್ಟೆಗೆ ಹಾಕಿದ್ದು. ತಲೆಗೆ ಬೇರೆಯೇ ಹೇಳ್ಬೇಕು. ಅದನ್ನ ಅಳಿಸ್ಲಿಕ್ಕೆ ಒಂದು ಕ್ರಮ ಉಂಟು, ಒಂದೊಂದು ಗಾಡಿಗೆ ಒಂದೊಂದು. ನಿಮ್ದು ನಂಗೆ ಗೊತ್ತಿಲ್ಲ ಮಾರಾಯ್ರೆ. ಇರ್ಲಿ ಬಿಡಿ, ಅದು ಇದ್ರೆ ಗಾಡಿ ಓಡುದಿಲ್ವಾ?”

ಗಾಡಿ ಓಡುತ್ತಿತ್ತು. ಓಡಬಾರದವನು ಅಣ್ಣ.

ಹೀಗೆ ಎಂಜಿನ್ನಿಗೆ ಹೊಸ ಎಣ್ಣೆ ಬಿದ್ದ ಸಂಗತಿ ಅದರಿಂದ ಒಂದು ಮಾರು ದೂರದಲ್ಲಿದ್ದ ಡ್ಯಾಶ್‌ಬೋರ್ಡಿಗೆ ತಿಳಿಯದೆ ಉಳಿಯಿತು. ಒಂದೇ ಮಾಡಿನ ಕೆಳಗಿದ್ದೂ ಒಬ್ಬರ ಸುದ್ದಿ ಒಬ್ಬರಿಗೆ ಮುಟ್ಟದಿರುವುದನ್ನು ನಾನು ಮನೆಗಳಲ್ಲಿ ಕಂಡಿದ್ದೆ; ಕಾರಿನಲ್ಲಿ ಕಂಡದ್ದು ಅದೇ ಮೊದಲು.

ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅವನನ್ನು ಕುದುರೆಮುಖಕ್ಕೇ ಕರೆದುಕೊಂಡು ಹೋಗಿ ತೋರಿಸಿಬಿಟ್ಟರೆ? ಕಣ್ಣಾರೆ ನೋಡಿದರೆ ಅರ್ಥವಾಗಬಹುದು. ಒಂದು ಬೆಳಿಗ್ಗೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ನಾನೇ ಕಾರು ಓಡಿಸಿಕೊಂಡು ಹೊರಟೆ. ಅಣ್ಣ ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ದಾರಿಯುದ್ದಕ್ಕೂ ಒಂದನ್ನೂ ಮರೆಯದೆ ಮಾತಾಡಿದ. ಯಾವ ತಿರುವಿನಲ್ಲಿ ಶಿಫ್ಟ್ ಬಸ್ಸಿನ ಡ್ರೈವರು ಬೀಡಿ ಹಚ್ಚುತ್ತಿದ್ದ, ಯಾರು ಕಿಟಕಿ ಪಕ್ಕದ ಸೀಟಿಗೆ ಜಗಳ ತೆಗೆಯುತ್ತಿದ್ದ, ಎಲ್ಲಾ. ಇಷ್ಟೆಲ್ಲ ಇರುವ ತಲೆಯಲ್ಲಿ ನಿನ್ನೆಯ ಸಂಜೆಗೆ ಮಾತ್ರ ಯಾಕೆ ಜಾಗವಿಲ್ಲ ಎಂದು ನಾನು ಯೋಚಿಸುತ್ತಿದ್ದೆ.

ಟೌನ್‌ಶಿಪ್ಪಿನಲ್ಲಿ ಇಳಿದೆವು. ಕ್ವಾರ್ಟರ್ಸ್‌ಗಳ ಸಾಲು ಸಾಲು. ಬಾಗಿಲಿಲ್ಲದವು, ಚಾವಣಿ ಕುಸಿದವು, ಒಳಗೆ ಗಿಡ ಎದ್ದು ಕಿಟಕಿಯಿಂದ ಹೊರಗೆ ಇಣುಕುವಂಥವು. ಅಂಗಡಿಗಳಿದ್ದ ಕಡೆ ಒಂದು ದನ ಮಲಗಿತ್ತು. ಅಣ್ಣ ತಾನಿದ್ದ ಮನೆಯ ಮುಂದೆ ನಿಂತ. ಅಲ್ಲಿ ಅತ್ತಿಗೆ ದಾಸವಾಳ ನೆಟ್ಟಿದ್ದರು. ಅದು ಮನೆಗಿಂತ ಎತ್ತರ ಬೆಳೆದಿತ್ತು. ಈಗ ಕುಸಿಯುತ್ತಾನೆ, ಈಗ ಅಳುತ್ತಾನೆ ಎಂದು ನಾನು ಅವನ ತೋಳಿನ ಹತ್ತಿರ ಕೈ ಇಟ್ಟುಕೊಂಡು ನಿಂತಿದ್ದೆ. ಅವನು ಆ ಕಡೆ ಈ ಕಡೆ ನೋಡಿದ. ಗಡಿಯಾರ ನೋಡಿಕೊಂಡ.

“ಇವತ್ತು ವೀಕ್ಲಿ ಆಫ್ ಮಾರಾಯ!” ಅಂದ, ಹಣೆ ಚಚ್ಚಿಕೊಂಡು. “ನಂದೇ ತಪ್ಪು. ಯಾರೂ ಇಲ್ಲ ನೋಡು. ನಡಿ, ನಾಳೆ ಬರಣ.”

ಬುತ್ತಿಯನ್ನು ಅಲ್ಲೇ ಒಂದು ಕಟ್ಟೆಯ ಮೇಲೆ ಕೂತು ಇಬ್ಬರೂ ತಿಂದೆವು. ಅವನು ಬಹಳ ಖುಷಿಯಲ್ಲಿದ್ದ. ಒಂದು ಊರು ಪೂರ್ತಿ ಸತ್ತು ಬಿದ್ದಿರುವುದಕ್ಕೆ ಇಷ್ಟು ಸರಳ ಸಮಾಧಾನ ನನಗೆ ಹೊಳೆದಿರಲಿಲ್ಲ.

ಆ ಪ್ರಯಾಣದಿಂದ ಆದ ಒಂದೇ ಪ್ರಯೋಜನವೆಂದರೆ ಅವನಿಗೆ ದಾರಿ ಮತ್ತೆ ಗಟ್ಟಿಯಾಯಿತು. ಮುಂದಿನ ವಾರ ತಿರುವಿನಲ್ಲಿ ನಿಲ್ಲದೆ ನಡೆಯತೊಡಗಿದ. ನಾನು ಅಂಗಡಿಯಲ್ಲಿ ಹಗ್ಗ ಅಳೆಯುತ್ತಿದ್ದಾಗ ಜೀಪಿನವನೊಬ್ಬ ಓಡಿಬಂದು, “ನಿಮ್ಮಣ್ಣ ಸಂಸೆ ರೋಡಲ್ಲಿ ನಟ್ಟ ನಡುವೆ ಹೋಗ್ತಿದಾರೆ, ಮರಳಿನ ಲಾರಿ ಬ್ರೇಕ್ ಹೊಡೆದು ಗುಂಡಿಗೆ ಇಳೀತು,” ಅಂದ. ಹೋಗಿ ನೋಡಿದರೆ ಲಾರಿ ಓರೆಯಾಗಿ ನಿಂತಿತ್ತು. ಡ್ರೈವರು ರಸ್ತೆ ಬದಿಯಲ್ಲಿ ಕುಕ್ಕರಿಸಿ ಕೂತಿದ್ದ. ಅಣ್ಣ ಅವನ ಲಾರಿಯ ಕೆಳಗೆ ಬಗ್ಗಿ, “ಜಾಯಿಂಟ್ ಸಡ್ಲ ಇದೆ ಇವಂದು,” ಎನ್ನುತ್ತಿದ್ದ.

ಮನೆಗೆ ಬಂದ ಮೇಲೆ ನಾನು ಹೆಂಡತಿಗೆ ಹೇಳಿದೆ, ಆ ಸ್ಪ್ಯಾನರನ್ನು ಅಳಿಸಲೇಬೇಕು, ಇಲ್ಲದಿದ್ದರೆ ಅವನು ಯಾವುದಾದರೂ ಗಾಡಿಯ ಅಡಿಗೆ ಹೋಗುತ್ತಾನೆ.

ಅವಳು ಬಟ್ಟೆ ಮಡಿಸುತ್ತಿದ್ದಳು. ನೀಲಿ ಅಂಗಿ ಅವಳ ಕೈಯಲ್ಲಿತ್ತು. “ಅಳ್ಸಿದ್ರೆ ಬೆಳಿಗ್ಗೆ ಏಳೋದಕ್ಕೆ ಏನಿದೆ ಅವ್ರಿಗೆ?” ಅಂದಳು.

“ಬದುಕಿದ್ರೆ ತಾನೇ ಏಳೋದು?”

ಅಂಗಿಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಳು.

ಅಳಿಸುವ ಕ್ರಮವನ್ನು ಫೋನಿನಲ್ಲಿ ಹುಡುಕಿದೆ. ಒಂದು ವೀಡಿಯೊದಲ್ಲಿ ನಮ್ಮಂಥದೇ ಕಾರಿನೊಳಗೆ ಕೂತ ಒಬ್ಬ ಮಹಾನುಭಾವ ಹಿಂದಿಯಲ್ಲಿ, ರೈಲು ತಪ್ಪುತ್ತದೆಯೇನೋ ಎಂಬ ಅವಸರದಲ್ಲಿ ವಿವರಿಸುತ್ತಿದ್ದ. ಕೈ ನೋಡಿಕೊಂಡು ಅರ್ಥ ಮಾಡಿಕೊಂಡೆ. ವಿಧಿ ಹೀಗಿದೆ: ಕಾರು ಆಫ್ ಇರಬೇಕು, ಬಾಗಿಲು ಮುಚ್ಚಿರಬೇಕು. ಸ್ಪೀಡಿನ ಮುಳ್ಳಿನ ಪಕ್ಕದಲ್ಲಿರುವ ಕಡ್ಡಿಯಂಥ ಗುಂಡಿಯನ್ನು ಒತ್ತಿ ಹಿಡಿಯಬೇಕು. ಹಿಡಿದುಕೊಂಡೇ ಕೀಲಿಯನ್ನು ಆನ್‌ಗೆ ತಿರುಗಿಸಬೇಕು, ಎಂಜಿನ್ ಚಾಲೂ ಆಗಬಾರದು. ಸ್ಪ್ಯಾನರು ಮಿಣುಕತೊಡಗುತ್ತದೆ, ಕೈ ಬಿಡಬಾರದು. ಮಿಣುಕು ನಿಂತ ಮೇಲೆ ಬಿಡಬೇಕು. ಸಂಕಲ್ಪ, ಆವಾಹನೆ, ವಿಸರ್ಜನೆ, ಎಲ್ಲ ಇತ್ತು, ಮಂತ್ರವೊಂದೇ ಕಡಿಮೆ.

ಅಣ್ಣ ಮಧ್ಯಾಹ್ನದ ನಿದ್ರೆಯಲ್ಲಿದ್ದಾಗ ನಾನು ಕಾರಿನಲ್ಲಿ ಕೂತು ಅನುಷ್ಠಾನಕ್ಕೆ ಇಳಿದೆ. ಮೊದಲ ಸಲ ಕೈ ಬೇಗ ಬಿಟ್ಟೆ, ಗಡಿಯಾರ ಬದಲಾಗಿ ನಡುಹಗಲಿನಲ್ಲಿ ಬ್ರಾಹ್ಮೀ ಮುಹೂರ್ತ ತೋರಿಸಿತು. ಎರಡನೆಯ ಸಲ ಕಿಲೋಮೀಟರೆಲ್ಲ ಮೈಲಿಯಾದವು. ನಮ್ಮ ಕಾರು ಕ್ಷಣದಲ್ಲಿ ಅಷ್ಟು ಕಡಿಮೆ ಓಡಿದ್ದಾಗಿ ಹೇಳಿಕೊಂಡಿತು. ಮೈಲಿಗಳನ್ನು ಮತ್ತೆ ಕಿಲೋಮೀಟರು ಮಾಡುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಆಮೇಲೊಂದು ಸಲ ಸರಿಯಾಗಿ ಹಿಡಿದೆ. ಸ್ಪ್ಯಾನರು ಮಿಣುಕಿತು, ಮಿಣುಕಿತು, ಇಲ್ಲವಾಯಿತು. ಹೊಸ ಸಾಲೊಂದು ಬಂತು. ನಾನು ಅದನ್ನು ಸರಿಯಾಗಿ ಓದಲೂ ಇಲ್ಲ. ಸ್ಪ್ಯಾನರು ಹೋಯಿತಲ್ಲ! ಒಳಗೆ ಹೋಗಿ ಹೆಂಡತಿಗೆ, “ಗೆದ್ದೆ,” ಅಂದೆ.

ಬೆಳಿಗ್ಗೆ ಅಣ್ಣ ನೀಲಿ ಅಂಗಿ ಹಾಕಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತ. “ಆನ್ ಮಾಡು,” ಅಂದ. ಮಾಡಿದೆ. ಬಗ್ಗಿದ. ಕನ್ನಡಕ ಏರಿಸಿದ. ಆಗಲೇ ನಾನೂ ಅದನ್ನು ಮೊದಲ ಬಾರಿಗೆ ಪೂರ್ತಿ ಓದಿದ್ದು: ನೆಕ್ಸ್ಟ್ ಸರ್ವೀಸ್, ಹತ್ತು ಸಾವಿರ ಕಿಲೋಮೀಟರ್.

ಹೊರನಾಡಿಗೆ ಹೋಗುವ ಬಸ್ಸೊಂದು ನಮ್ಮ ಹಿಂದೆ ಹಾರ್ನ್ ಹೊಡೆದು ಹೋಯಿತು.

“ಟ್ರಾನ್ಸ್‌ಫರ್,” ಅಂದ.

“ಅಲ್ಲ ಅಣ್ಣ, ಅದು ಕಾರಿಗೆ...”

“ನೆಕ್ಸ್ಟ್ ಸರ್ವೀಸ್ ಅಂತ ಹಾಕಿದಾರಲ್ಲ. ದೂರಾನೂ ಹಾಕಿದಾರೆ.” ಸ್ವರ ಸಣ್ಣದಾಯಿತು. “ಹತ್ತು ಸಾವಿರ ಕಿಲೋಮೀಟರು ಅಂದ್ರೆ ಎಲ್ಲಿ ಮಾರಾಯ? ಡೆಲ್ಲಿಗಿಂತ ಆಚೆ ಅಲ್ವಾ ಅದು?”

ಗಣಿ ನಿಲ್ಲುವುದಕ್ಕೂ ಮುಂಚೆ, ಅತ್ತಿಗೆ ಇನ್ನೂ ಇದ್ದಾಗ, ಎಲ್ಲರನ್ನೂ ಎಲ್ಲೆಲ್ಲಿಗೋ ವರ್ಗ ಮಾಡುತ್ತಾರಂತೆ ಎಂಬ ಗಾಳಿಮಾತು ಹಬ್ಬಿತ್ತು. ಆ ದಿನಗಳಲ್ಲಿ ಅವನು ಊಟ ಬಿಟ್ಟು ಕೂತಿರುತ್ತಿದ್ದನಂತೆ, ಅತ್ತಿಗೆ ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದರು. ಉಳಿದದ್ದೆಲ್ಲ ಅಳಿಸಿಹೋದ ತಲೆಯಲ್ಲಿ ಆ ಹೆದರಿಕೆ ಮಾತ್ರ ಇಷ್ಟು ಕಾಲ ಮೂಲೆಯಲ್ಲಿ ಕೂತು, ತನ್ನ ಸರದಿಗಾಗಿ ಕಾದಿತ್ತು ಎಂದು ಕಾಣುತ್ತದೆ. ನಾನು ಎಣ್ಣೆಯ ವಿಷಯ ಹೇಳಿದೆ. ಫಿಲ್ಟರಿನ ವಿಷಯ ಹೇಳಿದೆ. ಗುಂಡಿ ಒತ್ತಿದ್ದು ನಾನೇ ಎಂದೂ ಹೇಳಿದೆ. ಅವನು ನನ್ನ ಮುಖವನ್ನು ಕರುಣೆಯಿಂದ ನೋಡಿದ. ಸಮಾಧಾನ ಮಾಡಲು ಏನೇನೋ ಕಥೆ ಕಟ್ಟುತ್ತಿದ್ದಾನೆ ಪಾಪ ಎನ್ನುವಂತೆ.

“ನಾನು ಎಂತ ಮಾಡಿದೆ ಅಂತ ಅಷ್ಟು ದೂರ ಹಾಕಿದ್ರು?” ಅಂದ. “ಒಂದು ದಿನ ಆಬ್ಸೆಂಟ್ ಇಲ್ಲ ನಂದು.”

“ಹೋಗೋದು ಬೇಡ ಬಿಡಣ್ಣ. ಇಲ್ಲೇ ಇರು.”

“ಹೋಗಲ್ಲ. ಈ ವಯಸ್ಸಲ್ಲಿ ಎಲ್ಲಿ ಹೋಗ್ಲಿ?” ಕಾರಿನ ಬಾಗಿಲು ತೆಗೆದು ಇಳಿದ. “ಬಿಟ್ಟೆ ಅಂತ ಹೇಳ್ಬಿಡು ಅವ್ರಿಗೆ.”

ಕೋಣೆಗೆ ಹೋಗಿ ನೀಲಿ ಅಂಗಿ ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಬನಿಯನ್ನಿನಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಕಟ್ಟಿಟ್ಟ ಬುತ್ತಿಯನ್ನು ಮಧ್ಯಾಹ್ನ ನಾನು ತಿಂದೆ.

ರಸ್ತೆಯ ಭಯ ನಿಜವಾಗಿಯೂ ಹೋಯಿತು. ಅವನು ಮನೆಯಿಂದ ಹೊರಗೇ ಬರಲಿಲ್ಲ. ಅಂಗಡಿಗೆ ಬಂದವರು, “ಅಣ್ಣ ಈಗ ಸುಧಾರಿಸಿದಾರೆ ಅಲ್ವಾ, ರೋಡಲ್ಲಿ ಕಾಣೋದಿಲ್ಲ,” ಅನ್ನುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ. ಗಡ್ಡ ಬೆಳೆಯಿತು. ಸ್ನಾನಕ್ಕೆ ಹೆಂಡತಿ ಕರೆದರೆ, “ಯಾಕಮ್ಮ?” ಎಂದು ಕೇಳುತ್ತಿದ್ದ. ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ. ತಟ್ಟೆಯಲ್ಲಿ ಅನ್ನ ಅರ್ಧ ಉಳಿಯುತ್ತಿತ್ತು, ಆಮೇಲೆ ಮುಕ್ಕಾಲು.

ಒಂದು ದಿನ ಅವಳು, “ಅದನ್ನ ಮತ್ತೆ ಬರ್ಸೋಕೆ ಆಗಲ್ವಾ?” ಅಂದಳು. ನಾನು ಅದನ್ನೇ ಯೋಚಿಸುತ್ತಿದ್ದೆ, ಬಾಯಿಬಿಟ್ಟು ಕೇಳಲು ನಾಚಿಕೆಯಾಗಿತ್ತು. ಗ್ಯಾರೇಜಿಗೆ ಹೋದೆ.

“ಎಂತ? ವಾಪಸ್ ತರ್ಸುದಾ?” ಬ್ಯಾರಿ ಜೋರಾಗಿ ನಕ್ಕ. “ಜನ ಅದನ್ನ ಕಳೀಲಿಕ್ಕೆ ಬರ್ತಾರೆ ಸೌಕಾರ್ರೆ, ನೀವು ಬೇಕು ಅಂತ ಬಂದಿದ್ದೀರಲ್ಲ!”

ನಾನು ನಗಲಿಲ್ಲ. ವಿಷಯ ಹೇಳಿದೆ. ಅವನ ಕೈಯಲ್ಲಿದ್ದ ಬಟ್ಟೆ ಬೆರಳುಗಳನ್ನು ಒರೆಸುತ್ತಲೇ ಇತ್ತು. ಮೂಡಿಗೆರೆಯಲ್ಲಿ ಕಂಪ್ಯೂಟರು ಇಟ್ಟು ಗಾಡಿ ನೋಡುವವನೊಬ್ಬನಿಗೆ ಫೋನ್ ಮಾಡಿ ಕೇಳಿದ. ಆ ಕಡೆಯಿಂದಲೂ ನಗು ಕೇಳಿತು. “ನಗ್ಬೇಡ ಮಾರಾಯ, ಕೇಳಿದ್ದಕ್ಕೆ ಹೇಳು,” ಎಂದು ಇವನು ಗದರಿದ. ಫೋನ್ ಇಟ್ಟು ನನ್ನ ಕಡೆ ತಿರುಗಿದ.

“ಅಳಿಸ್ಲಿಕ್ಕೆ ಮಾತ್ರ ದಾರಿ ಇರುದಂತೆ. ಬರ್ಬೇಕಾದ್ರೆ ಓಡ್ಬೇಕಂತೆ ಅಷ್ಟೂ. ಇಲ್ಲಾಂದ್ರೆ ಒಂದು ವರ್ಷ ಕಾಯ್ಬೇಕು.”

ಒಂದು ವರ್ಷ ಎಂದು ಅವನು ಹೇಳಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಅಂದಿನಿಂದ ಬೆಳಗಿನ ಹೊತ್ತು ನಾನು ಕಾರು ತೆಗೆದುಕೊಂಡು ಹೊರಡತೊಡಗಿದೆ. ಕೊಟ್ಟಿಗೆಹಾರದವರೆಗೆ ಹೋಗಿ ಒಂದು ಕಾಫಿ ಕುಡಿದು ಬರುವುದು. ಇನ್ನೊಂದು ದಿನ ಹೊರನಾಡು. ಅಂಗಡಿಗೆ ಬೇಕಾದ ಸಾಮಾನನ್ನು ಲಾರಿಯಲ್ಲಿ ತರಿಸುವ ಬದಲು ಚಿಕ್ಕಮಗಳೂರಿಗೆ ನಾನೇ ಹೋಗಿ ಡಿಕ್ಕಿಯಲ್ಲಿ ತುಂಬಿಕೊಂಡು ಬರುವುದು. ಯಾವ ಊರಿನಲ್ಲೂ ನನಗೆ ಕೆಲಸವಿರಲಿಲ್ಲ. ಕಾಫಿ ಹೂ ಬಿಟ್ಟಿದ್ದ ದಿನಗಳು. ಗುಡ್ಡ ಗುಡ್ಡವೇ ಬಿಳಿಯಾಗಿ, ವಾಸನೆ ಕಾರಿನೊಳಗೆ ತುಂಬಿಕೊಳ್ಳುತ್ತಿತ್ತು. ನಾನು ಕಿಟಕಿಯ ಆಚೆ ನೋಡುತ್ತಿರಲಿಲ್ಲ. ಮುಳ್ಳಿನ ಕೆಳಗಿನ ಅಂಕಿ ಇಳಿಯುವುದನ್ನು ನೋಡುತ್ತಿದ್ದೆ. ಆ ಅಂಕಿಗೆ ಅವಸರವಿರಲಿಲ್ಲ.

ಮೊದಮೊದಲು ಅಣ್ಣ ಮಲಗಿದಲ್ಲಿಂದಲೇ ಕೇಳುತ್ತಿದ್ದ, “ಎಂತ ಹೇಳ್ತದೆ ಪ್ಯಾನಲ್ಲು?”

“ಒಂಬತ್ತು ಸಾವಿರದ ಚಿಲ್ಲರೆ. ಹತ್ರ ಹತ್ರ ಹಾಕ್ತಿದಾರೆ ಅಣ್ಣ. ಟ್ರಾನ್ಸ್‌ಫರ್ ಕ್ಯಾನ್ಸಲ್ ಆಗ್ತದೆ, ನೋಡ್ತಿರು.”

“ಇನ್ನೂ ದೂರ ಇದೆಯಲ್ಲ ಮಾರಾಯ,” ಅನ್ನುತ್ತಿದ್ದ. ಆದರೂ ಆ ದಿನ ಒಂದು ತುತ್ತು ಹೆಚ್ಚು ತಿನ್ನುತ್ತಿದ್ದ. ಆ ಒಂದು ತುತ್ತಿಗಾಗಿ ನಾನು ಮರುದಿನ ಬಾಳೆಹೊನ್ನೂರಿನವರೆಗೆ ಹೋಗಿಬಂದೆ.

ಆಮೇಲೆ ಕೇಳುವುದನ್ನು ಬಿಟ್ಟ. ನಾನಾಗಿ ಹೇಳಿದರೆ ತಲೆ ಆಡಿಸುತ್ತಿದ್ದ. ಯಾರದೋ ಮನೆಯ ವಿಷಯ ಕೇಳಿದ ಹಾಗೆ. ಅಂಕಿ ಎಂಟು ಸಾವಿರದ ಒಳಗೆ ಇಳಿದ ದಿನ ನಾನು ಕಾರು ನಿಲ್ಲಿಸಿ ನೇರ ಅವನ ಕೋಣೆಗೆ ಹೋದೆ. ಅವನು ಮಂಚದ ಮೇಲೆ ಕೂತು ಕಿಟಕಿಯಿಂದ ರಸ್ತೆ ನೋಡುತ್ತಿದ್ದ.

“ಎಂಟರ ಒಳಗೆ ಬಂತಣ್ಣ,” ಅಂದೆ.

ಅವನು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮರ್ಯಾದೆಯಿಂದ ಕಾಲು ಮಡಿಸಿಕೊಂಡು ಮಂಚದಲ್ಲಿ ಜಾಗ ಬಿಟ್ಟ.

“ಬನ್ನಿ, ಕೂತ್ಕೊಳ್ಳಿ,” ಅಂದ. “ನೀವು ಯಾರ ಕಡೆಯವ್ರು?”

ಹುಟ್ಟಿದಾಗಿನಿಂದ ಅವನು ನನ್ನನ್ನು ನೀವು ಅಂದದ್ದು ಅದೇ ಮೊದಲು. “ಸರ್ವೀಸ್ ವಿಷಯ ಹೇಳೋಣ ಅಂತ ಬಂದೆ,” ಅಂದೆ.

“ಅದೆಲ್ಲ ನಂಗೆ ಗೊತ್ತಾಗಲ್ಲ,” ಅಂದ, ತುಂಬ ಸಂಕೋಚದಿಂದ. “ಮುಂದೆ ಅಂಗಡಿಯಲ್ಲಿ ನನ್ನ ತಮ್ಮ ಇರ್ತಾನೆ. ಅವ್ನನ್ನ ಕೇಳಿ. ಎಲ್ಲ ಅವ್ನೇ ನೋಡ್ಕೊಳ್ಳೋದು.”

ಆಗಲಿ ಎಂದು ಹೇಳಿ ಎದ್ದೆ. ಅಂಗಡಿಗೆ ಹೋಗಿ ಕೂತೆ.